ಆರೋ ಒಂಬತ್ತೋ

ನಿನ್ನೆ ಆಡಿದ ಗಾಲ್ಫ್ ಪಂದ್ಯದ ಸುಸ್ತು ಕಾಲಿನಲ್ಲಿಲ್ಲ, ತಲೆಯಲ್ಲಿದೆ. ಗಾಲ್ಫಿನಲ್ಲಿ ಕಡಿಮೆ ಹೊಡೆತದವರೇ ಗೆದ್ದವರು; ಆಟಗಾರನ ಮಟ್ಟ ನೋಡಿ ಒಟ್ಟು ಹೊಡೆತಗಳಿಂದ ಕಳೆಯುವ ರಿಯಾಯಿತಿಯೇ ಹ್ಯಾಂಡಿಕ್ಯಾಪ್. ಅಧಿಕೃತ ಹ್ಯಾಂಡಿಕ್ಯಾಪ್ ಇಲ್ಲದವರೇ ಸೇರಿ ಆಡುವ ಪಂದ್ಯವಾದರೆ, ಆಟ ಮುಗಿದ ಮೇಲೆ ಆ ದಿನಕ್ಕಷ್ಟೇ ಹ್ಯಾಂಡಿಕ್ಯಾಪ್ ಲೆಕ್ಕ ಹಾಕಬೇಕು. ‘ನಿಮಗೆ ಲೆಕ್ಕ ಚೆನ್ನಾಗಿ ಬರುತ್ತದಲ್ಲ’ ಎಂದು ಯಾರಾದರೂ ಹೊಗಳಿದರೆ ನನ್ನ ಕಥೆ ಮುಗಿಯಿತು. ಉಳಿದವರು ತಿಂಡಿಯ ಕಡೆ, ನಾನು ಸ್ಕೋರ್ ಕಾರ್ಡುಗಳ ರಾಶಿಯ ಕಡೆ.

‘ಸಿಸ್ಟಮ್ 36’ ಆಗಿದ್ದರೆ ಇಷ್ಟು ಗೋಳಿರಲಿಲ್ಲ. ಪ್ರತಿ ಹೋಲ್‌ನಲ್ಲೂ ಪಾರ್ (ಆ ಹೋಲ್‌ಗೆ ನಿಗದಿಯಾದ ಹೊಡೆತಗಳು) ಅಥವಾ ಅದಕ್ಕಿಂತ ಕಡಿಮೆ ಹೊಡೆತಕ್ಕೆ 2 ಅಂಕ, ಬೋಗಿಗೆ (ಪಾರ್‌ಗಿಂತ ಒಂದು ಹೆಚ್ಚು) 1, ಮಿಕ್ಕಿದ್ದಕ್ಕೆಲ್ಲ ಸೊನ್ನೆ. ಒಟ್ಟನ್ನು 36ರಿಂದ ಕಳೆದರಾಯಿತು. ಆದರೆ ನಮ್ಮ ಸಮಿತಿಯ ಹಿರಿಯರಿಗೆ ಗುಟ್ಟೆಂದರೆ ಪ್ರಾಣ. ಹಾಗಾಗಿ ಪಿಯೋರಿಯಾ ಪದ್ಧತಿಯೇ ಆಗಬೇಕು. ಹದಿನೆಂಟು ಹೋಲ್‌ಗಳ ಪೈಕಿ ಮೊದಲ ಒಂಬತ್ತರಲ್ಲಿ ಮೂರು, ಕೊನೆಯ ಒಂಬತ್ತರಲ್ಲಿ ಮೂರು, ಹೀಗೆ ಆರು ಹೋಲ್‌ಗಳನ್ನು ಯಾರಿಗೂ ಹೇಳದೆ ಆರಿಸಿಡುವುದು. ಅವುಗಳಲ್ಲಿ ಪಾರ್‌ಗಿಂತ ಹೆಚ್ಚಾದ ಹೊಡೆತಗಳನ್ನು ಮೂರರಿಂದ ಗುಣಿಸಿ, ಬಂದದ್ದರಲ್ಲಿ ಶೇ. 80ರಷ್ಟನ್ನು ರಿಯಾಯಿತಿ ಕೊಡುವುದು. ಅಂದರೆ ಗುಟ್ಟಿನ ಹೋಲ್‌ನಲ್ಲಿ ಒಂದು ಹೊಡೆತ ಹಾಳು ಮಾಡಿದರೆ 2.4 ವಾಪಸ್. ಇಂಥ ಬಡ್ಡಿ ಯಾವ ಬ್ಯಾಂಕಿನಲ್ಲೂ ಇಲ್ಲ.

ಹಿರಿಯರು ಏನನ್ನೇ ಆಗಲಿ ಚೀಟಿಯಲ್ಲಿ ಬರೆಯುವವರು. ಅದೂ ನೇರವಾಗಿ ಅಲ್ಲ. ಚೀಟಿಯನ್ನು ತಿರುಗಿಸುತ್ತ, ಜಾಗ ಕಂಡಲ್ಲೆಲ್ಲ. ಬೆವರಿದ ಅಂಗಿಯ ಜೇಬಿನಿಂದ ನಿನ್ನೆ ಹೊರಬಂದ ಚೀಟಿಯಲ್ಲಿ ಐದು ಅಂಕಿಗಳು ಐದು ದಿಕ್ಕಿಗೆ ಮಲಗಿದ್ದವು. ಆರನೆಯದು ಮಾತ್ರ ಆರೋ ಒಂಬತ್ತೋ ತಿಳಿಯಲಿಲ್ಲ. ಎರಡೂ ಪಾರ್ 4 ಹೋಲ್‌ಗಳೇ ಆದ್ದರಿಂದ ಊಹೆಗೂ ದಾರಿಯಿಲ್ಲ. ನಾನು ಚೀಟಿ ತಿರುಗಿಸಿದೆ. ಅವರು ಕನ್ನಡಕ ತೆಗೆದು ನೋಡಿದರು, ಹಾಕಿ ನೋಡಿದರು, ಬೆಳಕಿಗೆ ಹಿಡಿದರು, ಕೊನೆಗೆ ತಲೆಯನ್ನೇ ವಾಲಿಸಿದರು. ಅಷ್ಟರಲ್ಲಿ ನನ್ನ ಕುರ್ಚಿಯ ಹಿಂದೆ ‘ಆರು’ ಪಕ್ಷ, ‘ಒಂಬತ್ತು’ ಪಕ್ಷ ಎಂದು ಎರಡು ಗುಂಪುಗಳಾಗಿದ್ದವು.

‘ನೀವೇ ಬರೆದದ್ದಲ್ಲವೇ ಸಾರ್?’

‘ಗುಟ್ಟು ಬಾಯಿಬಿಟ್ಟು ಹೋಗಬಾರದೆಂದು ಬರೆದ ತಕ್ಷಣ ಮರೆತುಬಿಟ್ಟೆ.’

ನಾನು ಯಾವ ಪಕ್ಷವೆಂದು ಹೇಳಿಕೊಳ್ಳುವ ಹಾಗಿರಲಿಲ್ಲ. ಒಂಬತ್ತರಲ್ಲಿ ನನ್ನದು ಎಂಟು ಹೊಡೆತ. ಆರರಲ್ಲಿ ಮೂರು, ಪಾರ್‌ಗಿಂತ ಒಂದು ಕಡಿಮೆ, ನನ್ನ ಜೀವಮಾನದ ಮೊದಲ ಬರ್ಡಿ. ದೂರದಿಂದ ತಳ್ಳಿದ ಚೆಂಡು ಗುಳಿಯ ಅಂಚಿನಲ್ಲಿ ಒಂದು ಕ್ಷಣ ನಿಂತು, ಮನಸ್ಸು ಬದಲಾಯಿಸಿದಂತೆ ಟಕ್ಕೆಂದು ಒಳಗೆ ಬಿತ್ತು. ಆ ಸದ್ದು ಈಗಲೂ ಕಿವಿಯಲ್ಲಿದೆ. ಅದನ್ನು ಹಂಚಿಕೊಳ್ಳೋಣವೆಂದರೆ ಜೊತೆಗಾರರಿಬ್ಬರೂ ಪೊದೆಯಲ್ಲಿ ಚೆಂಡು ಹುಡುಕುತ್ತಿದ್ದರು.

ನಾಣ್ಯ ಚಿಮ್ಮಿಸಿದರು. ಆರು ಬಂತು.

ಒಂಬತ್ತಾಗಿದ್ದರೆ ನನ್ನ 96 ಹೊಡೆತಗಳು 76.8ಕ್ಕೆ ಇಳಿಯುತ್ತಿದ್ದವು, ಬರ್ಡಿಯ ದೆಸೆಯಿಂದ 88.8ಕ್ಕೇ ನಿಂತವು. ಗೆದ್ದವರು ಒಟ್ಟು 112 ಹೊಡೆದಿದ್ದರು. ಗುಟ್ಟಿನ ಆರು ಹೋಲ್‌ಗಳಲ್ಲೇ ಪಾರ್‌ಗಿಂತ 20 ಹೆಚ್ಚು, ಹಾಗಾಗಿ ರಿಯಾಯಿತಿ 48, ನಿವ್ವಳ 64. ಕಪ್ ಹಿಡಿದುಕೊಂಡು, ‘ನಿಮ್ಮ ಪಟ್ಟಿಂಗ್ ಸ್ವಲ್ಪ ಸುಧಾರಿಸಬೇಕು’ ಎಂದು ನನಗೇ ಹೇಳಿದರು.

ಹಿರಿಯರು ಮೇಜಿನ ಮೇಲಿದ್ದ ಅದೇ ಚೀಟಿಯನ್ನು ಎತ್ತಿಕೊಂಡು, ಉಳಿದಿದ್ದ ಮೂಲೆಯಲ್ಲಿ ಮುಂದಿನ ಪಂದ್ಯದ ದಿನಾಂಕ ಬರೆದು ಜೇಬಿಗೆ ಸೇರಿಸಿದರು. ಆರನೇ ತಾರೀಕೋ, ಒಂಬತ್ತನೆಯದೋ.