ಹಣಕ್ಕೆ ಕೊರತೆಯಿಲ್ಲ!

ಜುಲೈನಲ್ಲಿ ಶಿರಾಡಿ ಕಡೆ ಗುಡ್ಡ ಜಾರುವುದು ಎಷ್ಟು ಖಾತ್ರಿಯೋ, ಮಾರನೇ ದಿನ ಪೇಪರಿನಲ್ಲಿ ಆ ಒಂದು ಸಾಲು ಬರುವುದೂ ಅಷ್ಟೇ ಖಾತ್ರಿ: ‘ಪರಿಹಾರಕ್ಕೆ ಹಣದ ಕೊರತೆಯಿಲ್ಲ, ಡಿಸಿ ಖಾತೆಯಲ್ಲಿ ಸಾಕಷ್ಟು ಹಣವಿದೆ.’ ಸಚಿವರು ಬದಲಾಗ್ತಾರೆ, ಪಕ್ಷ ಬದಲಾಗುತ್ತೆ, ಸಾಲು ಮಾತ್ರ ಅದೇ. ಅನುಮಾನ ಪಡಬೇಡಿ, ದುಡ್ಡು ಇದೆ. ಡಿಸಿ ಹೆಸರಿನ ಠೇವಣಿ ಖಾತೆ, ಅಂದರೆ ಪಿ.ಡಿ. ಖಾತೆಯಲ್ಲಿ ಬೆಚ್ಚಗೆ ಮಲಗಿದೆ. ಹೊರಗೆ ಈ ಪಾಟಿ ಮಳೆ ಹೊಯ್ತಿರುವಾಗ ಅದಾದರೂ ಯಾಕೆ ಎದ್ದು ಬಂದು ನೆನೆಯಬೇಕು ಹೇಳಿ?

ನೆನೆಯೋರು ಬೇರೆ ಇದ್ದಾರೆ. ಮೊದಲ ರಾತ್ರಿ ಬರುವುದು ಪಕ್ಕದೂರಿನ ಜೆಸಿಬಿ, ಎಸ್ಟೇಟಿನ ಪಿಕಪ್, ಮರ ಕೊಯ್ಯುವ ಮೆಷಿನ್ ಹೆಗಲಿಗೇರಿಸಿದ ನಾಲ್ಕು ಹುಡುಗರು. ಹಗ್ಗ, ಟಾರ್ಪಾಲು, ಅಕ್ಕಿ, ಗ್ಯಾಸ್ ಸಿಲಿಂಡರ್ ಎಲ್ಲ ಅವರೇ ಹೊಂದಿಸ್ತಾರೆ. ಕಾಳಜಿ ಕೇಂದ್ರದ ಬೋರ್ಡು ಬರೆದು ಮುಗಿಯುವಷ್ಟರಲ್ಲಿ ಅಲ್ಲಿ ಒಂದು ಪಂಕ್ತಿ ಊಟವೇ ಎದ್ದಿರುತ್ತೆ. ಇವರನ್ನೆಲ್ಲ ವರದಿಯಲ್ಲಿ ‘ಸ್ಥಳೀಯರ ಸಹಕಾರ’ ಎಂಬ ಎರಡು ಪದದಲ್ಲಿ ಮುಗಿಸುತ್ತಾರೆ. ಅವರು ಖರ್ಚು ಕೇಳಿಕೊಂಡು ಕಚೇರಿಗೆ ಹೋದರೆ ಸಿಗೋದು ಪ್ರಶ್ನೆಗಳು. ಬಿಲ್ಲು ಕೊಡಿ ನೋಡೋಣ! ಜಿಎಸ್‌ಟಿ ನಂಬರ್ ಎಲ್ಲಿ? ಗಂಟೆ ಲೆಕ್ಕದ ಲಾಗ್ ಬುಕ್‌ಗೆ ಇಂಜಿನಿಯರ್ ಸಹಿ ಎಲ್ಲಿ? ಕೆಲಸಕ್ಕೆ ಮುಂಚೆ, ಆಮೇಲೆ ತೆಗೆದ ಜಿಪಿಎಸ್ ಫೋಟೊ ಎಲ್ಲಿ? ನಡುರಾತ್ರಿ, ಕರೆಂಟಿಲ್ಲ, ಟವರಿಲ್ಲ. ಮಣ್ಣಿನಡಿ ಯಾರಾದರೂ ಇದ್ದರೆ ‘ಒಂದ್ನಿಮಿಷ ಇರಣ್ಣ, ಮುಂಚಿನ ಫೋಟೊ ತೆಗೀತೀವಿ’ ಅನ್ನಬೇಕಿತ್ತು, ಪಾಪ, ಹುಡುಗರಿಗೆ ಹೊಳೆಯಲಿಲ್ಲ.

ನಮ್ಮವರೇ ಹೀಗೆ ಅಂತ ಬೇಸರ ಬೇಡ, ಜಗತ್ತೂ ಹೀಗೇ ಇದೆ. ವಿಶ್ವಸಂಸ್ಥೆಯಲ್ಲಿ ಪೂಲ್ಡ್ ಫಂಡ್ ಅಂತ ಒಂದು ಏರ್ಪಾಡಿದೆ. ದೇಶಗಳೆಲ್ಲ ಒಂದೇ ಹಂಡೆಗೆ ದುಡ್ಡು ಸುರಿಯುವುದು, ಎಲ್ಲಿ ಆಪತ್ತೋ ಅಲ್ಲಿಗೆ ಬೇಗ ಮೊಗೆದು ಕೊಡುವುದು. 2006ರಲ್ಲಿ ಶುರುವಾದ ಸಿಇಆರ್‌ಎಫ್ ಎಂಬ ಜಾಗತಿಕ ಹಂಡೆ ನೇರವಾಗಿ ಕೊಡುವುದು ವಿಶ್ವಸಂಸ್ಥೆಯದೇ ಏಜೆನ್ಸಿಗಳಿಗೆ. ಊರಿನ ಸಂಘಗಳು ಅವರ ಹಿಂದೆ ನಿಲ್ಲಬೇಕು. ದೇಶಕ್ಕೊಂದರಂತೆ ಇರುವ ನಿಧಿಗಳು ವಾಸಿ, ಸ್ಥಳೀಯ ಸಂಸ್ಥೆಗಳಿಗೂ ನೇರವಾಗಿ ಕೊಡುತ್ತವೆ. 2021ರಲ್ಲಿ ಪಶ್ಚಿಮ ಮತ್ತು ಮಧ್ಯ ಆಫ್ರಿಕಾಕ್ಕೆ ಒಂದು ಪ್ರಾದೇಶಿಕ ನಿಧಿಯೂ ಆಯಿತು. ನೈಜರ್, ಬುರ್ಕಿನಾ ಫಾಸೊಗಳಿಗೆ ಪ್ರತ್ಯೇಕ ಕಚೇರಿ ಬೇಡ, ಒಂದೇ ಆಡಳಿತ ಸಾಕು, ಲೆಕ್ಕ ಮಾತ್ರ ಬೇರೆ ಬೇರೆ. ಐಡಿಯಾ ಚೆನ್ನಾಗಿದೆ, ತಮಾಷೆ ಮಾಡಲು ಮನಸ್ಸು ಬಾರದಷ್ಟು ಚೆನ್ನಾಗಿದೆ.

ತಮಾಷೆ ಇರೋದು ಮಾತಿನಲ್ಲಿ. 2016ರಲ್ಲಿ ಇಸ್ತಾಂಬುಲ್‌ನಲ್ಲಿ ದೊಡ್ಡ ದೇಶಗಳು, ದೊಡ್ಡ ಸಂಸ್ಥೆಗಳು ಕೂತು 2020ರ ಹೊತ್ತಿಗೆ ಪರಿಹಾರದ ಹಣದಲ್ಲಿ ಶೇ 25ರಷ್ಟನ್ನು ಆದಷ್ಟು ನೇರವಾಗಿ ಸ್ಥಳೀಯರಿಗೇ ಕೊಡುತ್ತೇವೆ ಎಂದು ಒಪ್ಪಿದವು. 2020 ಬಂತು, ಹೋಯಿತು. ನೇರವಾಗಿ ತಲುಪುವ ಪಾಲು ಇನ್ನೂ ಒಂದಂಕಿ ದಾಟಿಲ್ಲ. ವಿಶ್ವಸಂಸ್ಥೆಯ ಈ ನಿಧಿಗಳಿಂದ ಹಣ ಪಡೆದ ಸಂಸ್ಥೆಗೆ ಆಡಳಿತ ವೆಚ್ಚವೆಂದು ಶೇ 7ರವರೆಗೆ ಇಟ್ಟುಕೊಳ್ಳಲು ಅವಕಾಶ ಉಂಟು. ಅದು ಮೇಲಿನ ಮೆಟ್ಟಿಲಲ್ಲೇ ಉಳಿಯುತ್ತೆ, ಜೀಪು ಓಡಿಸುವ ಕೆಳಗಿನ ಪಾರ್ಟ್‌ನರ್‌ವರೆಗೆ ಇಳಿಯೋದು ಅಪರೂಪ. ಅವನಿಗೆ ಸಿಗೋದು ತರಬೇತಿ. ತಿಂಗಳುಗಟ್ಟಲೆ ಮಣ್ಣು ಎತ್ತಿದವನಿಗೆ ಎಸಿ ಹಾಲ್‌ನಲ್ಲಿ ಕೂರಿಸಿ ಸಾಮರ್ಥ್ಯಾಭಿವೃದ್ಧಿ! ಕೊರಳಿಗೆ ಟ್ಯಾಗು, ಕೈಗೆ ಬ್ಯಾಗು, ಬ್ಯಾಗಲ್ಲಿ ಬರೆಯದ ಪೆನ್ನು. ಗುಂಪು ಚರ್ಚೆಗೆ ನಾಲ್ಕು ಬಣ್ಣದ ಚೀಟಿ. ಹಳದಿ ಚೀಟಿಯಲ್ಲಿ ‘ಸವಾಲುಗಳು’ ಬರೆಯಬೇಕಂತೆ. ‘ದುಡ್ಡು ಬರಲಿಲ್ಲ’ ಅಂತ ಬರೆದರೆ ಆ ಚೀಟಿ ‘ಪಾರ್ಕಿಂಗ್ ಲಾಟ್’ ಎಂಬ, ಆಮೇಲೆ ನೋಡೋಣ ಅನ್ನುವ ವಿಷಯಗಳ ಚಾರ್ಟಿಗೆ ಅಂಟಿಸ್ತಾರೆ. ಊಟಕ್ಕೆ ಮಾತ್ರ ಎರಡು ಸ್ವೀಟು.

ನಮ್ಮ ದೇಶದ ಕಾನೂನು ಇನ್ನೂ ಒಂದು ಕೈ ಮೇಲು. ವಿದೇಶಿ ದೇಣಿಗೆ ಕಾಯ್ದೆಗೆ 2020ರಲ್ಲಿ ತಿದ್ದುಪಡಿ ಬಂತಲ್ಲ, ಅದರ 7ನೇ ಸೆಕ್ಷನ್ ಓದಿ. ಹೊರದೇಶದ ದೇಣಿಗೆ ಪಡೆದ ಸಂಸ್ಥೆ ಅದನ್ನು ಇನ್ನೊಂದು ಸಂಸ್ಥೆಗೆ ದಾಟಿಸುವಂತಿಲ್ಲ, ಆ ಇನ್ನೊಂದಕ್ಕೂ ನೋಂದಣಿ ಇದ್ದರೂ ಸರಿ. ಅಂದರೆ ಬೆಂಗಳೂರಿನ ದೊಡ್ಡ ಸಂಸ್ಥೆ ಸಕಲೇಶಪುರದ ಸಣ್ಣ ಸಂಘಕ್ಕೆ ಆ ದುಡ್ಡಲ್ಲಿ ಒಂದು ಪೈಸೆ ಕೊಡುವಂತಿಲ್ಲ. ಸಂಘವೇ ನೇರವಾಗಿ ನೋಂದಾಯಿಸಿಕೊಳ್ಳಲಿ ಅಂತೀರಾ? ಮೂರು ವರ್ಷ ಹಳೆಯದಾಗಿರಬೇಕು, ಆ ಮೂರು ವರ್ಷದಲ್ಲಿ 15 ಲಕ್ಷ ರೂಪಾಯಿ ಖರ್ಚು ಮಾಡಿ ತೋರಿಸಿರಬೇಕು. ದುಡ್ಡಿಲ್ಲದವರು ದುಡ್ಡು ಕೇಳುವ ಮುಂಚೆ ದುಡ್ಡು ಖರ್ಚು ಮಾಡಿರಬೇಕು. ಅದೂ ಆಯಿತೆನ್ನಿ, ದೇಣಿಗೆ ಬಂದು ಬೀಳುವ ಖಾತೆ ಇರಬೇಕಾದ್ದು ದೆಹಲಿಯ ಸಂಸದ್ ಮಾರ್ಗದ ಸ್ಟೇಟ್ ಬ್ಯಾಂಕ್ ಶಾಖೆಯಲ್ಲಿ. ಹಾನುಬಾಳಿನ ಯುವಕ ಸಂಘಕ್ಕೆ ಸಂಸತ್ತಿನ ಪಕ್ಕದಲ್ಲಿ ಪಾಸ್‌ಬುಕ್ಕು. ಗೌರವ ಕಣ್ರೀ, ಗೌರವ!

ಬೇಡ ಬಿಡಿ, ಸ್ವದೇಶಿ ಹಂಡೆಗೇ ಬರೋಣ. ರಾಜ್ಯ ವಿಪತ್ತು ಪರಿಹಾರ ನಿಧಿಗೆ ಕೇಂದ್ರದ್ದು ಶೇ 75, ರಾಜ್ಯದ್ದು ಶೇ 25. ಅದು ಸಾಲದಿದ್ದರೆ ದೆಹಲಿಯ ರಾಷ್ಟ್ರೀಯ ನಿಧಿ. 2023ರ ಬರಕ್ಕೆ ಕರ್ನಾಟಕ ಕೇಳಿದ್ದು 18,171 ಕೋಟಿ. ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತಿದ ಮೇಲೆ 2024ರ ಏಪ್ರಿಲ್‌ನಲ್ಲಿ ಬಂದದ್ದು 3,454 ಕೋಟಿ. ಬಿತ್ತಿದ್ದು ಒಣಗಿ ಮುಂದಿನ ಮುಂಗಾರು ಹತ್ತಿರ ಬಂದಿತ್ತು.

ಇನ್ನು ಗುಡ್ಡದವರ ಲೆಕ್ಕ. ಕೇಂದ್ರದ 2022ರ ಮಾರ್ಗಸೂಚಿಯಂತೆ ಬಹುವಾರ್ಷಿಕ ಬೆಳೆಗೆ ಹೆಕ್ಟೇರಿಗೆ 22,500, ಅದೂ ಎರಡು ಹೆಕ್ಟೇರಿಗೆ ಮಾತ್ರ, ನಷ್ಟ ಶೇ 33 ದಾಟಿದ್ದರೆ. ಬೆಳೆಯಲ್ಲ, ಜಮೀನೇ ಕೊಚ್ಚಿಹೋಯಿತಾ? ಹೆಕ್ಟೇರಿಗೆ 47,000, ಎಕರೆಗೆ ಹತ್ತೊಂಬತ್ತು ಸಾವಿರ. ಅದು ಸಣ್ಣ, ಅತಿಸಣ್ಣ ರೈತರಿಗೆ ಮಾತ್ರ. ಐದೂವರೆ ಎಕರೆ ಕಾಫಿ ಇಟ್ಟವನು ಆ ಲೆಕ್ಕದಲ್ಲಿ ಸಾಹುಕಾರ. ಅವನ ತೋಟ ಹೊಳೆಗಿಳಿದರೂ ಸಾಹುಕಾರ. ಹೊಸ ಗಿಡ ಫಸಲಿಗೆ ಬರೋಕೆ ಮೂರು ನಾಲ್ಕು ವರ್ಷ ಬೇಕು, ಗಿಡ ನೆಡೋಕೆ ಮಣ್ಣೂ ಬೇಕು. ಪಹಣಿ ಇನ್ನೂ ತೀರಿಕೊಂಡ ತಂದೆಯ ಹೆಸರಲ್ಲಿದ್ದರೆ, ವಾರಸುದಾರರ ಹೆಸರಿಗೆ ಪೌತಿ ಖಾತೆ ಆಗದಿದ್ದರೆ, ರೈತರ ನೋಂದಣಿಯ ಫ್ರೂಟ್ಸ್ ಐಡಿಗೆ ಆ ಸರ್ವೆ ನಂಬರ್ ಸೇರಿರದಿದ್ದರೆ, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿರದಿದ್ದರೆ ‘ಪರಿಹಾರ’ ತಂತ್ರಾಂಶ ಹಣ ಹಾಕುವುದಿಲ್ಲ. ತಂತ್ರಾಂಶದ ಹೆಸರೇ ಪರಿಹಾರ. ಇಟ್ಟವರಿಗೆ ಹಾಸ್ಯಪ್ರಜ್ಞೆ ಇತ್ತು.

2019ರ ಆಗಸ್ಟ್‌ನಲ್ಲಿ ಮೂಡಿಗೆರೆ ತಾಲ್ಲೂಕಿನ ಮಲೆಮನೆ, ಮಧುಗುಂಡಿಯಲ್ಲಿ ಮನೆ, ಗದ್ದೆ, ತೋಟ ಎಲ್ಲದರ ಮೇಲೆ ಗುಡ್ಡ ಬಿತ್ತು. ಸಚಿವರು ಬಂದರು, ಕ್ಯಾಮೆರಾ ಬಂತು, ಬದಲಿ ಜಾಗ ಕೊಡ್ತೀವಿ ಅಂದರು. ಆ ಜನ ವರ್ಷಗಟ್ಟಲೆ ತಾಲ್ಲೂಕು ಕಚೇರಿ ಸುತ್ತಿದರು. ತೋರಿಸಿದ ಜಾಗಕ್ಕೆ ಒಮ್ಮೆ ಅರಣ್ಯದ ತಕರಾರು, ಒಮ್ಮೆ ಇನ್ನೇನೋ. ಇದರಲ್ಲಿ ನಗುವಂಥದ್ದು ಏನೂ ಇಲ್ಲ. ಹಣಕ್ಕೆ ಕೊರತೆಯಿಲ್ಲ ಅಂತ ಇನ್ನೊಮ್ಮೆ ಹೇಳುವವರು ಮೈಕ್ ಹಿಡಿಯುವ ಮುಂಚೆ, ಈ ತಾಲ್ಲೂಕಿನಲ್ಲಿ ಎಷ್ಟು ಜನಕ್ಕೆ ಎಷ್ಟು ದಿನದೊಳಗೆ ಖಾತೆಗೆ ಬಿತ್ತು ಅನ್ನುವ ಪಟ್ಟಿ ಹಿಡಿದು ಬನ್ನಿ. ಪಟ್ಟಿ ಇಲ್ಲದಿದ್ದರೆ ದಯವಿಟ್ಟು ಬರಬೇಡಿ, ರಸ್ತೆ ಕಿರಿದು, ನಿಮ್ಮ ಕಾರುಗಳ ಸಾಲಿನಿಂದ ಜೆಸಿಬಿಗೆ ಜಾಗ ಆಗಲ್ಲ.