ಹುಡುಗಿಗೆ ಕ್ಯಾನ್ಸರ್ ಅಂತ ಊರಿಗೆ ಹೇಳಬಾರದಾ?

ನನ್ನ ಅಣ್ಣನ ಮಗಳಿಗೆ ಹದಿನೈದು ವರ್ಷ. ಗುಳೇದಗುಡ್ಡದಲ್ಲಿ ಮನೆ. ರಕ್ತದ ಕ್ಯಾನ್ಸರ್‌ಗೆ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಚಿಕಿತ್ಸೆ ನಡೆಯುತ್ತಿದೆ. ಇದನ್ನು ಹೀಗೆ ಎಲ್ಲರೆದುರು ಬರೆದಿದ್ದಕ್ಕೆ ನಮ್ಮ ಬಳಗದಲ್ಲಿ ಒಂದಿಬ್ಬರಾದರೂ ಸಿಟ್ಟಾಗುತ್ತಾರೆ. ಆಗಲಿ. ಅಣ್ಣ, ವೈನಿ, ಹುಡುಗಿ ಮೂವರೂ ಒಪ್ಪಿದ ಮೇಲೆಯೇ ಬರೆಯುತ್ತಿದ್ದೇನೆ.

ರಿಪೋರ್ಟ್ ಬಂದ ವಾರ ಮನೆಗೆ ಬಂದ ಹಿರಿಯರು ಮೊದಲು ಕೇಳಿದ್ದು ಯಾವ ಆಸ್ಪತ್ರೆ ಅಂತಲ್ಲ. "ಹೊರಗ ಯಾರಿಗೂ ಹೇಳಿಲ್ಲ ಹೌದಲ್ಲೋ?" ಅಂತ. "ಹೆಣ್ಣ ಹುಡುಗಿ ಐತಿ. ನಾಳೆ ನೋಡಾಕ ಬಂದವರಿಗೆ ಏನ್ ಹೇಳ್ತೀರಿ? ಟೈಫಾಯ್ಡ್ ಆಗೇತಿ ಅನ್ರಿ." ಇನ್ನೂ ಮೊದಲ ಸಲಾಯಿನ್ ಹಚ್ಚಿರಲಿಲ್ಲ, ಆಗಲೇ ಮದುವೆಯ ಚಿಂತೆ. ಗಂಡು ಹುಡುಗನಿಗೆ ಬಂದಿದ್ದರೆ ಈ ಮಾತು ಬರುತ್ತಿತ್ತಾ? ನಾನು ಎದುರು ಮಾತಾಡಿದ್ದಕ್ಕೆ ಒಬ್ಬರು, "ಹಂಗಾರ ನೀನ ಸೊಸಿ ಮಾಡ್ಕೊ" ಅಂದರು. ಸೋದರತ್ತೆ ಅಲ್ವಾ ನಾನು!

ಈ ಕಾಯಿಲೆ ಮುಚ್ಚಿಟ್ಟು ಮುಗಿಸುವಂಥದ್ದಲ್ಲ. ಅವಳಿಗೆ ಬಂದಿರುವುದು ಎಎಲ್‌ಎಲ್, ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ರಕ್ತದ ಕ್ಯಾನ್ಸರ್. ಮೊದಲ ತಿಂಗಳ ಕೀಮೋದಲ್ಲೇ ಬಹಳಷ್ಟು ಮಕ್ಕಳ ರಕ್ತದಲ್ಲಿ ಕ್ಯಾನ್ಸರ್ ಕಣ ಕಾಣಿಸುವುದು ನಿಲ್ಲುತ್ತದೆ. ಆದರೆ ಚಿಕಿತ್ಸೆ ಅಲ್ಲಿಗೆ ಮುಗಿಯುವುದಿಲ್ಲ. ಬೆನ್ನುಹುರಿಯ ಸುತ್ತಲಿನ ನೀರಿಗೆ ಇಂಜೆಕ್ಷನ್, ಮತ್ತೆ ಕೀಮೋ, ಆಮೇಲೆ ತಿಂಗಳುಗಟ್ಟಲೆ ಮನೆಯಲ್ಲೇ ಮಾತ್ರೆ. ಎಲ್ಲ ಸೇರಿ ಎರಡರಿಂದ ಮೂರು ವರ್ಷ. ಅಷ್ಟು ದಿನ ಯಾವ ಟೈಫಾಯ್ಡ್ ಇರುತ್ತದೆ ಹೇಳಿ.

ಊರಿಗೆ ಮುಚ್ಚಿಡಬೇಕು ಅಂದರೆ ಮೊದಲು ಹುಡುಗಿಗೇ ಮುಚ್ಚಿಡಬೇಕಾಗುತ್ತದೆ. ಅವಳಿಗೆ "ರಕ್ತ ಕಡಿಮೆ ಆಗೇತಿ" ಅಂತ ಹೇಳಿದ್ದರು. ಬಾಗಲಕೋಟೆಯಿಂದ ಗೋಲಗುಂಬಜ್ ಎಕ್ಸ್‌ಪ್ರೆಸ್‌ನಲ್ಲಿ ಹೊರಟಿದ್ದೆವು, ನಾನೂ ಜೊತೆಗಿದ್ದೆ. ಕ್ಯಾನ್ಸರ್ ರೋಗಿಗೆ ಸ್ಲೀಪರ್ ಮತ್ತು ಥರ್ಡ್ ಎಸಿಯಲ್ಲಿ ಟಿಕೆಟ್ ಪೂರ್ತಿ ಮಾಫಿ, ಜೊತೆಗೆ ಹೋಗುವ ಒಬ್ಬರಿಗೆ ಮುಕ್ಕಾಲು ಮಾಫಿ. ಅದಕ್ಕೆ ಡಾಕ್ಟರ್ ಬರೆದುಕೊಟ್ಟ ಸರ್ಟಿಫಿಕೇಟ್ ಇಟ್ಟುಕೊಂಡಿರಬೇಕು. ಟಿಸಿ ಬಂದವನೇ ಪಟ್ಟಿ ನೋಡಿ ದೊಡ್ಡ ದನಿಯಲ್ಲಿ, "ಕ್ಯಾನ್ಸರ್ ಪೇಷಂಟ್ ಯಾರ್ರೀ?" ಅಂದ. ಅಣ್ಣ ಕಾಗದ ಹುಡುಕುವ ನೆಪದಲ್ಲಿ ತಲೆ ತಗ್ಗಿಸಿ ಚೀಲದೊಳಗೆ ಕೈ ಆಡಿಸುತ್ತಲೇ ಇದ್ದ. ಮೇಲಿನ ಬರ್ತಿನಿಂದ ಒಂದು ಕೈ ಕೆಳಗೆ ಬಂತು. "ನಾನ ರೀ."

ಆಮೇಲೆ ಕೇಳಿದೆ. ಮಾತ್ರೆ ಚೀಟಿಯ ಮೇಲಿನ ಹೆಸರನ್ನು ಮೊದಲ ವಾರವೇ ಮೊಬೈಲ್‌ನಲ್ಲಿ ಹೊಡೆದು ನೋಡಿದ್ದಳಂತೆ. "ನನಗ ಗೊತ್ತೈತಿ ಅಂತ ತಿಳದ್ರ ಅಪ್ಪ ಅಳ್ತಾನಂತ ಸುಮ್ನಿದ್ದೆ ಅತ್ತಿ" ಅಂದಳು. ನಾವು ಅವಳಿಗೆ ಮುಚ್ಚಿಟ್ಟೆವು, ಅವಳು ನಮಗೆ ಮುಚ್ಚಿಟ್ಟಳು. ಎಂಥಾ ನಾಟಕ!

ಈಗ ಡಾಕ್ಟರ್ ಜೊತೆ ಅವಳೇ ಮಾತಾಡುತ್ತಾಳೆ. ಕಾಲು ಜುಮುಗುಡುತ್ತಿದೆ, ಸ್ಟಿರಾಯ್ಡ್ ನುಂಗಿದ ದಿನ ವಿನಾಕಾರಣ ಸಿಟ್ಟು ಬರುತ್ತದೆ, ಎಲ್ಲ ಬಾಯಿ ಬಿಟ್ಟು ಹೇಳುತ್ತಾಳೆ. ಕೂದಲು ಹೋದಾಗ ಅವಳ ಅಜ್ಜಿ ಒಳ್ಳೆ ಗುಳೇದಗುಡ್ಡ ಖಣದ ಟೋಪಿ ಹೊಲಿಸಿ ತಂದಳು. ಹಾಕಿಕೊಂಡು ಎರಡು ನಿಮಿಷಕ್ಕೆ ತೆಗೆದಳು. "ಚುಚ್ಚತೈತಿ ಆಯಿ." ತಮ್ಮನ ಆರ್‌ಸಿಬಿ ಕ್ಯಾಪ್ ಕಸಿದುಕೊಂಡಳು. ಅವನು ವಾಪಸ್ ಕೇಳುತ್ತಲೇ ಇದ್ದಾನೆ.

ಊರಿಗೆ ಹೇಳಿದ್ದರಿಂದ ಆದ ಲಾಭ ದೊಡ್ಡದು. ಕೀಮೋ ಆದ ಮೇಲೆ ಪ್ಲೇಟ್‌ಲೆಟ್, ಅಂದರೆ ರಕ್ತ ಹೆಪ್ಪುಗಟ್ಟಿಸುವ ಕಣ, ನೆಲ ಕಚ್ಚುತ್ತದೆ. ತೆಗೆದ ಪ್ಲೇಟ್‌ಲೆಟ್ ಐದು ದಿನಕ್ಕಿಂತ ಜಾಸ್ತಿ ಇಡಲು ಬರುವುದಿಲ್ಲ, ಹಾಗಾಗಿ ಮೊದಲೇ ಕೂಡಿಟ್ಟುಕೊಳ್ಳುವಂತಿಲ್ಲ. ಬೇಕಾದಾಗ ಜನ ಬೇಕು. ಟೈಫಾಯ್ಡ್ ಅಂದಿದ್ದರೆ ಯಾರ ಹತ್ತಿರ ಕೇಳುತ್ತಿದ್ದೆವು? ಊರಿನ ವಾಟ್ಸಾಪ್ ಗುಂಪಿನಲ್ಲಿ ಇದ್ದದ್ದು ಇದ್ದಂತೆ ಹಾಕಿದ ಸಂಜೆಯೇ ಪೀಣ್ಯದಲ್ಲಿ ಕೆಲಸ ಮಾಡುವ ನಮ್ಮೂರ ಹುಡುಗರು ಶಿಫ್ಟ್ ಮುಗಿಸಿ ಆಸ್ಪತ್ರೆಗೆ ಬಂದರು. ಒಬ್ಬನ ಹೆಸರೂ ನಮಗೆ ಮೊದಲು ಗೊತ್ತಿರಲಿಲ್ಲ.

ಬಿಪಿಎಲ್ ಕಾರ್ಡ್ ಇದ್ದವರಿಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಸಿಗುತ್ತದೆ. ಇದನ್ನೂ ನಮಗೆ ಹೇಳಿದ್ದು ಸುದ್ದಿ ತಿಳಿದು ಬಂದ ನೆರೆಮನೆಯವರೇ.

ತಟ್ಟೆ ಲೋಟ ಬೇರೆ ಇಡಿ ಅಂದವರೂ ಇದ್ದಾರೆ. ಇದು ಅಂಟುವ ರೋಗ ಅಲ್ಲ. ನಮ್ಮ ಕೆಮ್ಮು ನೆಗಡಿ ಅವಳಿಗೆ ಅಂಟಿದರೆ ಮಾತ್ರ ಕಷ್ಟ. ಬಿಳಿ ರಕ್ತಕಣ ಇಳಿದಿರುವಾಗ ಜ್ವರ 100.4 ದಾಟಿದರೆ ಮನೆಮದ್ದು ಮಾಡುತ್ತ ಕೂರುವಂತಿಲ್ಲ, ನಡುರಾತ್ರಿ ಆದರೂ ಗಾಡಿ ಹತ್ತಬೇಕು. ಪಕ್ಕದ ಮನೆಗೆ ವಿಷಯ ಗೊತ್ತಿದ್ದರೆ ಆ ಹೊತ್ತಿನಲ್ಲಿ ಗಾಡಿ ಸಿಗುತ್ತದೆ.

ನನಗೆ ಹೆಚ್ಚು ಭಯ ಇರುವುದು ಅರ್ಧಕ್ಕೆ ಬಿಡುವವರ ಬಗ್ಗೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವಂತೆ ಶ್ರೀಮಂತ ದೇಶಗಳಲ್ಲಿ ಕ್ಯಾನ್ಸರ್ ಬಂದ ಮಕ್ಕಳಲ್ಲಿ ನೂರಕ್ಕೆ 80ಕ್ಕಿಂತ ಹೆಚ್ಚು ಮಂದಿ ಗುಣವಾಗುತ್ತಾರೆ. ಬಡ ದೇಶಗಳಲ್ಲಿ ಈ ಲೆಕ್ಕ ತೀರಾ ಕೆಳಗೆ. ಚಿಕಿತ್ಸೆ ನಡುವೆ ನಿಲ್ಲಿಸುವುದೂ ಅದಕ್ಕೆ ಒಂದು ಕಾರಣ. ದುಡ್ಡು ಮುಗಿದು ಬಿಡುವವರಿದ್ದಾರೆ, ನಿಜ. ಆದರೆ ಕೂದಲು ಬಂತು, ಮೈ ತುಂಬಿತು, "ಪದೇಪದೇ ಬೆಂಗಳೂರಿಗೆ ಯಾಕ ಹೊಕ್ಕೀರಿ, ಮಂದಿ ಕೇಳ್ತಾರ" ಅನ್ನುವ ಮಾತಿಗೆ ಹೆದರಿ ಬಿಡುವವರನ್ನು ಏನು ಮಾಡುವುದು? ನಮ್ಮ ಮನೆಯಲ್ಲೂ ಆ ಮಾತು ಬಂತು. ಮಂದಿಗೆ ಮೊದಲೇ ಎಲ್ಲ ಗೊತ್ತಿದ್ದದ್ದರಿಂದ ಅದು ಅಲ್ಲೇ ಬಿದ್ದುಹೋಯಿತು.

ಬೆಂಗಳೂರಿನಲ್ಲಿರುವ ನಮ್ಮ ಕಡೆಯವರು, ಆರೋಗ್ಯವಾಗಿರುವವರು, ಪ್ಲೇಟ್‌ಲೆಟ್ ಕೊಡಲು ತಯಾರಿದ್ದರೆ ಮೆಸೇಜ್ ಮಾಡಿ. ಮಷೀನ್ ಬರೀ ಪ್ಲೇಟ್‌ಲೆಟ್ ತೆಗೆದುಕೊಂಡು ಉಳಿದ ರಕ್ತ ವಾಪಸ್ ಮೈಗೆ ಬಿಡುತ್ತದೆ. ಒಂದೆರಡು ತಾಸಿನ ಕೆಲಸ, ಊಟ ಮಾಡಿಕೊಂಡು ಬನ್ನಿ. ಅವಳ ವಾರ್ಡಿನಲ್ಲೇ ನಮ್ಮ ಭಾಗದ ಇನ್ನೂ ಕೆಲವು ಮಕ್ಕಳಿದ್ದಾರೆ, ಅವರಿಗೂ ಬೇಕು.