ಕುಡಿಯೋ ನೀರಲ್ಲಿ ದೋಣಿ ಬಿಡಬಹುದಾ?

ಹೋದ ತಿಂಗಳು ಅಪ್ಪ ಸಿಂಗಾಪುರಕ್ಕೆ ಬಂದಿದ್ರು, ಒಂದು ಶನಿವಾರ ಬೆಳಿಗ್ಗೆ ಮ್ಯಾಕ್‌ರಿಚಿ ಕೆರೆಗೆ ಕರ್ಕೊಂಡು ಹೋದೆ. ಕೆರೆ ಅನ್ನೋದು ನಾನು, ಇಲ್ಲಿಯವರಿಗೆ ಅದು ರಿಸರ್ವಾಯರ್, 1868ರದ್ದು, ಈ ಊರಿನ ಅತೀ ಹಳೇದು. ಸ್ಕೂಲ್ ಹುಡುಗ್ರು ಸಾಲಾಗಿ ಕಯಾಕ್ ಇಳಿಸ್ತಿದ್ರು, ಒಂದು ಕೋತಿ ಯಾರದ್ದೋ ಬ್ಯಾಗಿಂದ ಬ್ರೆಡ್ ಪ್ಯಾಕೆಟ್ ಎಳ್ಕೊಂಡು ಮರ ಹತ್ತಿ ಕೂತಿತ್ತು. ಅಪ್ಪ ಸ್ವಲ್ಪ ಹೊತ್ತು ನೋಡಿ "ಏನೋ, ಇದೇ ನೀರು ನಲ್ಲೀಲಿ ಬರೋದಾ?" ಅಂದ್ರು. ಹೌದಪ್ಪ, ಶುದ್ಧ ಮಾಡಿ ಬಿಡ್ತಾರೆ ಅಂದೆ. "ಮತ್ತೆ ಜನಾನ ಯಾಕೆ ಒಳಗೆ ಬಿಟ್ಟಿದಾರೆ?"

ನಮ್ಮೂರಿನ ಲೆಕ್ಕವೇ ಅದು. ಕುಡಿಯೋ ನೀರು ಅಂದ್ರೆ ಬೇಲಿ ಹಾಕಿ ವಾಚ್‌ಮನ್ ಕೂರ್ಸು, ಕುಡಿಯದೇ ಇರೋ ನೀರಾದ್ರೆ ಸುತ್ತ ವಾಕಿಂಗ್ ಪಾತ್ ಮಾಡು. ಬೆಂಗಳೂರಲ್ಲಿ ಸ್ಯಾಂಕಿ ಕೆರೆ 1882ರಲ್ಲಿ ಕಟ್ಟಿದ್ದೇ ಊರಿಗೆ ನೀರು ಕೊಡೋಕೆ, ಆಮೇಲೆ 1894ರಲ್ಲಿ ಹೆಸರಘಟ್ಟ, 1933ರಲ್ಲಿ ತಿಪ್ಪಗೊಂಡನಹಳ್ಳಿ, ಎರಡೂ ಅರ್ಕಾವತಿ ಮೇಲೆ. ಕಾವೇರಿ ನೀರು ನೂರು ಕಿಲೋಮೀಟರ್ ದೂರದಿಂದ, ಮೂರು ಕಡೆ ಪಂಪ್ ಮಾಡಿ ಮೇಲೆತ್ತಿ ತರೋಕೆ ಶುರು ಮಾಡಿದ್ಮೇಲೆ ಇವುಗಳ ಕಡೆ ಯಾರೂ ತಿರುಗಿ ನೋಡ್ಲಿಲ್ಲ. ಅರ್ಕಾವತಿ ಜಲಾನಯನದಲ್ಲಿ ಲೇಔಟು, ನೀಲಗಿರಿ ತೋಪು, ಬೋರ್‌ವೆಲ್ ಎಲ್ಲಾ ಬಂತು, ಹರಿವು ಬತ್ತಿತು. ಊರೊಳಗಿನ ಕೆರೆಗಳ ಕಥೆ ಬೆಳ್ಳಂದೂರಿನ ನೊರೆ, ಬೆಂಕಿ ನೋಡಿದವರಿಗೆ ಹೇಳ್ಬೇಕಾಗಿಲ್ಲ.

ಇಲ್ಲಿ ಹಾಗಂತ ಕೆರೇಲಿ ಏನು ಬೇಕಾದ್ರೂ ಮಾಡೋಕೆ ಬಿಡಲ್ಲ. ಈಜೋ ಹಾಗಿಲ್ಲ, ಪೆಟ್ರೋಲ್ ಇಂಜಿನ್ ದೋಣಿ ಇಲ್ಲ, ಮೀನು ಹಿಡಿಯೋದು ಗುರ್ತು ಹಾಕಿದ ಜಾಗದಲ್ಲೇ, ಅದೂ ಪ್ಲಾಸ್ಟಿಕ್ ಹುಳ ಸಿಕ್ಕಿಸ್ಕೊಂಡು, ನಿಜವಾದ ಎರೆಹುಳ ಹಾಕಿದ್ರೆ ದಂಡ. ಇದೆಲ್ಲಾ ಸಣ್ಣ ವಿಷಯ ಬಿಡಿ, ದಂಡದಿಂದಲೇ ಇವರ ನೀರು ಚೊಕ್ಕಟವಾಗಿದೆ ಅಂತ ನಾವು ವಾಟ್ಸಾಪಲ್ಲಿ ಹೇಳ್ಕೊಂಡು ಓಡಾಡ್ತೀವಲ್ಲ, ಅದು ಅರ್ಧ ಸುಳ್ಳು. ಅಸಲಿ ಕೆಲಸ ನೆಲದಡಿ ಆಗಿದೆ. ಮಳೆನೀರಿನ ಕಾಲುವೆ ಬೇರೆ, ಕಕ್ಕಸಿನ ಪೈಪ್ ಬೇರೆ, ಎರಡೂ ಎಲ್ಲೂ ಸೇರಲ್ಲ. ಸಿಂಗಾಪುರ್ ನದಿ ಕ್ಲೀನ್ ಮಾಡೋಕೇ 1977ರಿಂದ ಹತ್ತು ವರ್ಷ ಹಿಡೀತು, ಹಂದಿ ಸಾಕೋರು, ಬೀದಿ ವ್ಯಾಪಾರದೋರು ಎಲ್ಲಾರನ್ನೂ ಎಬ್ಬಿಸಿದ್ರು, ಅವರಲ್ಲಿ ಎಷ್ಟು ಜನ ಖುಷಿಯಿಂದ ಹೋಗಿರ್ತಾರೆ ಅನ್ನೋದು ಬೇರೆ ಮಾತು. ಆಮೇಲೆ 2008ರಲ್ಲಿ ನದಿ ಬಾಯಿಗೇ ಮರೀನಾ ಬ್ಯಾರೇಜ್ ಕಟ್ಟಿ, ಗಗನಚುಂಬಿ ಕಟ್ಟಡಗಳ ಮಧ್ಯೆನೇ ಒಂದು ಕುಡಿಯೋ ನೀರಿನ ಕೆರೆ ಮಾಡ್ಕೊಂಡ್ರು, ದೇಶದ ಆರರಲ್ಲಿ ಒಂದು ಭಾಗದ ಮಳೆ ಅಲ್ಲಿಗೆ ಬರುತ್ತೆ. ಬ್ಯಾರೇಜ್ ಮೇಲೆ ಹುಲ್ಲುಹಾಸು, ಸಂಜೆ ಜನ ಗಾಳಿಪಟ ಹಾರಿಸ್ತಾರೆ. ಇಷ್ಟಾಗಿಯೂ ಮಲೇಷಿಯಾದಿಂದ ನೀರು ಕೊಳ್ತಾರೆ, ಒಪ್ಪಂದ 2061ರವರೆಗೆ ಇದೆ, ಬಹುಶಃ ಆ ಭಯವೇ ಇವರನ್ನ ಹೀಗೆ ದುಡಿಸಿರೋದು.

ನಂಗನ್ಸೋದು ಇಷ್ಟೇ, ದೋಣಿ ಬಿಟ್ಟಿದ್ದು ದೊಡ್ಡ ವಿಷಯ ಅಲ್ಲ, ದೋಣಿ ಬಿಡೋ ನೀರನ್ನೇ ಕುಡೀತಾರಲ್ಲ, ಅದು ವಿಷಯ. ನಾವು ಕೆರೆ ಅಭಿವೃದ್ಧಿ ಅಂತ ಬೆಂಚು, ಗ್ರಿಲ್ಲು, ಕಾರಂಜಿ ಹಾಕ್ತೀವಿ, ರಾಜಕಾಲುವೇಲಿ ಬರೋದು ಬರ್ತಾನೇ ಇರುತ್ತೆ. ನಮ್ಗೆ ಗೊತ್ತಿಲ್ಲ ಅಂತಲ್ಲ, ಬೆಂಗಳೂರಿನ ಜಕ್ಕೂರಲ್ಲಿ ಕೊಳಚೆ ನೀರನ್ನ ಶುದ್ಧ ಮಾಡಿ, ಜೊಂಡಿನ ಮಧ್ಯೆ ಹರಿಸಿ ಕೆರೆಗೆ ಬಿಟ್ಟಿದ್ದು ನಮ್ಮೋರೇ.

ವಾಪಸ್ ಬರ್ತಾ ಅಪ್ಪನ್ನ ಕೇಳ್ದೆ, ದಿನಾ ಸ್ಯಾಂಕಿ ಸುತ್ತು ಹಾಕ್ತೀರಲ್ಲ, ಅದಕ್ಕೆ ನೀರು ಎಲ್ಲಿಂದ ಬರುತ್ತೆ? ಅಪ್ಪ ಯೋಚ್ನೆ ಮಾಡಿ ಗೊತ್ತಿಲ್ಲ ಅಂದ್ರು. ಒಳಗೆ ಬರೋ ನೀರಿನ ಟೆಸ್ಟ್ ರಿಪೋರ್ಟ್‌ನ ವಾರಕ್ಕೊಂದ್ಸಲ ಗೇಟ್ ಹತ್ರ ಬೋರ್ಡ್ ಮೇಲೆ ಬರೀಬೇಕಪ್ಪ ಅಂದೆ. "ಬರೀತಾರೆ, ಮಾರನೇ ದಿನ ಅದರ ಮೇಲೆ ಹುಟ್ಟುಹಬ್ಬದ ಪೋಸ್ಟರ್ ಇರುತ್ತೆ" ಅಂದ್ರು.